ಆನ್‌ಲೈನ್ ಶಿಕ್ಷಣ ಮತ್ತು ವಿದ್ಯಾರ್ಥಿಯ ವ್ಯಕ್ತಿತ್ವ ವಿಕಾಸ

ನನಗೆ ವಿದ್ಯೆಯನ್ನಿತ್ತ ಈ ಸಂಸ್ಥೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಪೂಜ್ಯ ಗುರುಗಳೂ ಹಿರಿಯ ವಿದ್ಯಾರ್ಥಿಗಳೂ ಉದಾರ ದಾನಿಗಳೂ ಓದುವ ಪುಟಗಳಲ್ಲಿ ನನ್ನಂತಹ ಕಿರಿಯನು ಏನನ್ನು ತಾನೆ ಬರೆದಾನು ಎಂಬ ಸಂಕೋಚ ಉಂಟಾಯಿತು. ಆದರೆ ಒಂದು ಅನುಭವ ಮಾತ್ರ ನಮ್ಮ ತಲೆಮಾರಿನವರದೇ ಆಗಿದೆ. ಶಾಲೆಯ ಬಾಗಿಲು ಮುಚ್ಚಿದ್ದಾಗ ಶಾಲೆಯನ್ನು ಓದಿ ಮುಗಿಸಿದವರು ನಾವು. 2020ರ ಮಾರ್ಚ್ ತಿಂಗಳಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯಾಗಿದ್ದ ನಾನು 2021ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಇದೀಗ ಪದವಿ ವ್ಯಾಸಂಗವನ್ನು ಪೂರೈಸಿ ಹೊರಬರುತ್ತಿದ್ದೇನೆ. ಆ ಹದಿನೈದು ತಿಂಗಳುಗಳು ನಮಗೆ ಕೊಟ್ಟುದೇನು, ನಮ್ಮಿಂದ ಕಸಿದುಕೊಂಡುದೇನು ಎಂಬುದನ್ನು ಸಾವಧಾನವಾಗಿ ವಿಚಾರಿಸುವ ಕಾಲವು ಈಗ ಒದಗಿದೆ. ಆದುದರಿಂದ ಅದನ್ನೇ ಈ ಲೇಖನದ ವಸ್ತುವನ್ನಾಗಿ ಆರಿಸಿಕೊಂಡಿದ್ದೇನೆ.

ದೂರಶಿಕ್ಷಣದ ಹಿನ್ನೆಲೆ

ಗುರುವು ಒಂದೆಡೆ, ಶಿಷ್ಯನು ಇನ್ನೊಂದೆಡೆ ಇದ್ದು ಪಾಠ ನಡೆಯುವುದು ಕೊರೋನಾ ವ್ಯಾಧಿಯ ಕಾಲದಲ್ಲಿ ಹುಟ್ಟಿದ ಪದ್ಧತಿಯಲ್ಲ. ಇಂಗ್ಲೆಂಡಿನಲ್ಲಿ 1840ರ ಸುಮಾರಿಗೆ ಐಸಾಕ್ ಪಿಟ್ಮನ್ ಎಂಬ ಮಹನೀಯರು ಶೀಘ್ರಲಿಪಿಯ ಪಾಠಗಳನ್ನು ಅಂಚೆಯ ಮೂಲಕ ಕಳುಹಿಸಿ, ವಿದ್ಯಾರ್ಥಿಗಳು ಬರೆದುದನ್ನು ತಿದ್ದಿ ಹಿಂದಿರುಗಿಸುತ್ತಿದ್ದರು. ನಮ್ಮ ನಾಡಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಪ್ರಾರಂಭಿಸಿತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ರೂಪುಗೊಂಡಿತು. ನಮ್ಮ ಹಿರಿಯ ವಿದ್ಯಾರ್ಥಿಗಳಲ್ಲಿಯೂ ಈ ಮಾರ್ಗದಿಂದ ಪದವಿ ಪಡೆದವರು ಇರಬಹುದು.

ಆಸ್ಟ್ರೇಲಿಯಾ ಖಂಡದ ನಡುವಿನ ಆಲಿಸ್ ಸ್ಪ್ರಿಂಗ್ಸ್ ಎಂಬ ಪಟ್ಟಣದಲ್ಲಿ 1951ರಲ್ಲಿ ಆಕಾಶ ಶಾಲೆಯೆಂದು ಕರೆಯಬಹುದಾದ ಒಂದು ವ್ಯವಸ್ಥೆ ಆರಂಭವಾಯಿತು. ನೂರಾರು ಮೈಲಿ ದೂರದ ಪಶುಪಾಲನೆಯ ಬೀಡುಗಳಲ್ಲಿ ವಾಸಿಸುತ್ತಿದ್ದ ಮಕ್ಕಳಿಗೆ, ಹಾರುವ ವೈದ್ಯರ ಸೇವೆಗಾಗಿ ಸ್ಥಾಪಿತವಾಗಿದ್ದ ರೇಡಿಯೋ ಯಂತ್ರಗಳ ಮೂಲಕವೇ ಶಿಕ್ಷಕರು ಪಾಠ ಹೇಳುತ್ತಿದ್ದರು. ಮಕ್ಕಳು ಉತ್ತರ ಹೇಳಲೂ ಅವಕಾಶವಿತ್ತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಮಗುವಿನ ಪಕ್ಕದಲ್ಲಿ ತಾಯಿಯೋ ಮನೆಯ ಬೋಧಕಿಯೋ ಕುಳಿತು ಅಭ್ಯಾಸ ಮಾಡಿಸುವುದು ಆ ವ್ಯವಸ್ಥೆಯ ಅವಿಭಾಜ್ಯ ಅಂಗವಾಗಿತ್ತು, ಇಂದಿಗೂ ಆಗಿದೆ. ಧ್ವನಿಯು ದೂರದಿಂದ ಬಂದರೂ ಸಹಾಯವು ಸಮೀಪದಲ್ಲಿತ್ತು.

ನಮ್ಮ ಭಾಗದ ಹಿರಿಯರಿಗೆ ಇನ್ನೊಂದು ಪ್ರಯೋಗದ ನೆನಪಿರಬಹುದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ, ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಶೈಕ್ಷಣಿಕ ಕಾರ್ಯಕ್ರಮಗಳನ್ನು ತಲುಪಿಸಲಾಯಿತು. ಸೈಟ್ ಎಂದು ಪ್ರಸಿದ್ಧವಾದ ಈ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ಕೆಯಾದವು ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು. ತಂತಿಬಲೆಯಿಂದ ಮಾಡಿದ, ಸುಮಾರು ಮೂರು ಮೀಟರ್ ಅಗಲದ ಛತ್ರಿಯಾಕಾರದ ಆಂಟೆನಾವನ್ನು ಹಳ್ಳಿಯಲ್ಲಿ ನಿಲ್ಲಿಸಿ, ಬೆಳಿಗ್ಗೆ ಶಾಲಾಮಕ್ಕಳಿಗೂ ಸಂಜೆ ರೈತಾಪಿ ಜನರಿಗೂ ಕಾರ್ಯಕ್ರಮಗಳನ್ನು ತೋರಿಸುತ್ತಿದ್ದರು. ಪ್ರಾಥಮಿಕ ಶಾಲೆಗಳ ಶಿಕ್ಷಕರಿಗೆ ರಜೆಯ ಕಾಲದಲ್ಲಿ ವಿಜ್ಞಾನ ಬೋಧನೆಯ ತರಬೇತಿಯನ್ನೂ ಇದರ ಮೂಲಕ ನೀಡಲಾಯಿತು. ಆ ಪೆಟ್ಟಿಗೆಯು ಒಬ್ಬರ ಮನೆಯದಾಗಿರಲಿಲ್ಲ, ಊರಿನದಾಗಿತ್ತು. ಎಲ್ಲ ಮಕ್ಕಳೂ ಒಟ್ಟಿಗೆ ಕುಳಿತು ನೋಡುತ್ತಿದ್ದರು, ಎದುರಿನಲ್ಲಿ ಶಿಕ್ಷಕರಿರುತ್ತಿದ್ದರು. ಮುಂದೆ 2004ರ ಸೆಪ್ಟೆಂಬರ್ 20ರಂದು ನಮ್ಮ ದೇಶವು ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹವನ್ನು ಶ್ರೀಹರಿಕೋಟಾದಿಂದ ಹಾರಿಸಿತು.

ಹೀಗೆ ಅಂಚೆ, ರೇಡಿಯೋ, ದೂರದರ್ಶನ, ಉಪಗ್ರಹ, ಅಂತರಜಾಲ ಎಂದು ಸಾಧನಗಳು ಬದಲಾಗುತ್ತ ಬಂದರೂ ಪ್ರಶ್ನೆಯು ಒಂದೇ ಆಗಿ ಉಳಿದಿದೆ. ಪಾಠವು ವಿದ್ಯಾರ್ಥಿಯನ್ನು ತಲುಪಿದ ಮಾತ್ರಕ್ಕೆ ವಿದ್ಯೆಯು ತಲುಪಿತೆ?

2020ರ ಸಂದರ್ಭ

2020ರ ಮಾರ್ಚ್ 25ರಿಂದ ದೇಶದಾದ್ಯಂತ ಜನಸಂಚಾರವು ಸ್ಥಗಿತಗೊಂಡಿತು. ಆ ವರ್ಷದ ಏಪ್ರಿಲ್ ತಿಂಗಳ ವೇಳೆಗೆ ಪ್ರಪಂಚದಲ್ಲಿ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ಶಾಲೆಯಿಂದ ಹೊರಗುಳಿದಿದ್ದರೆಂದು ಯುನೆಸ್ಕೋ ಸಂಸ್ಥೆಯು ಲೆಕ್ಕ ಹಾಕಿತು. ನಮ್ಮ ಪ್ರಸಾದ ನಿಲಯದಲ್ಲಿದ್ದ ಮಕ್ಕಳು ತಮ್ಮ ತಮ್ಮ ಊರುಗಳಿಗೆ ತೆರಳಿದರು. ಗಂಟೆಯ ಸದ್ದು ನಿಂತಿತು.

ಅಧ್ಯಾಪಕರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಮೊಬೈಲ್ ದೂರವಾಣಿಯನ್ನು ಗೋಡೆಗೆ ಒರಗಿಸಿಟ್ಟು ಪಾಠ ಹೇಳಿದರು. ವಾಟ್ಸ್‌ಆಪ್ ಮೂಲಕ ಟಿಪ್ಪಣಿಗಳನ್ನು ಕಳುಹಿಸಿದರು. ಸರ್ಕಾರವು ಚಂದನ ವಾಹಿನಿಯಲ್ಲಿ ಪಾಠಗಳನ್ನು ಪ್ರಸಾರ ಮಾಡಿತು. 2020ರ ಆಗಸ್ಟ್ ತಿಂಗಳಲ್ಲಿ ವಿದ್ಯಾಗಮ ಎಂಬ ಯೋಜನೆಯ ಮೂಲಕ ಶಿಕ್ಷಕರೇ ಊರೂರಿಗೆ ಹೋಗಿ, ಗುಡಿಯ ಪೌಳಿಯಲ್ಲಿ, ಸಮುದಾಯ ಭವನದಲ್ಲಿ, ಮರದ ನೆರಳಿನಲ್ಲಿ ಸಣ್ಣ ಸಣ್ಣ ಗುಂಪುಗಳಿಗೆ ಪಾಠ ಹೇಳತೊಡಗಿದರು. ಸೋಂಕು ಹರಡುವ ಭಯದಿಂದ ಅಕ್ಟೋಬರ್ ತಿಂಗಳಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. 2021ರ ಜನವರಿ 1ರಿಂದ ಹತ್ತನೆಯ ತರಗತಿಯವರಿಗೆ ಶಾಲೆ ತೆರೆಯಿತಾದರೂ ಎರಡನೆಯ ಅಲೆಯ ಕಾರಣ ವಸಂತದಲ್ಲಿ ಮತ್ತೆ ಮುಚ್ಚಿತು.

ಆನ್‌ಲೈನ್ ಶಿಕ್ಷಣದಲ್ಲಿ ಎರಡು ಬಗೆಗಳುಂಟು. ಗುರು ಶಿಷ್ಯರು ಒಂದೇ ಸಮಯದಲ್ಲಿ ಪರದೆಯ ಮೇಲೆ ಕೂಡುವುದು ಒಂದು. ಮೊದಲೇ ಸಿದ್ಧಪಡಿಸಿಟ್ಟ ಪಾಠವನ್ನು ವಿದ್ಯಾರ್ಥಿಯು ತನಗೆ ಅನುಕೂಲವಾದಾಗ ನೋಡುವುದು ಇನ್ನೊಂದು. ಮೊದಲನೆಯದರಲ್ಲಿ ಪ್ರಶ್ನೆ ಕೇಳಬಹುದು. ಆದರೆ ಒಂದು ಗಂಟೆಯ ದೃಶ್ಯ ತರಗತಿಗೆ ನೂರಾರು ಮೆಗಾಬೈಟ್ ದತ್ತಾಂಶ ವ್ಯಯವಾಗುತ್ತದೆ, ಸಂಕೇತವೂ ಎಡೆಬಿಡದೆ ದೊರೆಯಬೇಕಾಗುತ್ತದೆ. ಎರಡನೆಯದರಲ್ಲಿ ಎಷ್ಟು ಸಲ ಬೇಕಾದರೂ ನೋಡಬಹುದು; ಆದರೆ ಅರ್ಥವಾಗದಾಗ ಕೇಳಲು ಎದುರಿಗೆ ಯಾರೂ ಇರುವುದಿಲ್ಲ. ಕೇಂದ್ರ ಸರ್ಕಾರವು 2020ರ ಜುಲೈ ತಿಂಗಳಲ್ಲಿ ಪ್ರಕಟಿಸಿದ ಪ್ರಜ್ಞಾತಾ ಮಾರ್ಗಸೂಚಿಯಲ್ಲಿ, ಎಂಟನೆಯ ತರಗತಿಯವರೆಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿಗಳನ್ನೂ, ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ನಾಲ್ಕು ಅವಧಿಗಳನ್ನೂ ಮೀರಬಾರದೆಂದು ಹೇಳಲಾಗಿತ್ತು.

ಆದರೆ ಅದಕ್ಕೂ ಮುಂಚಿನ ಪ್ರಶ್ನೆಯು ಸಾಧನ ಯಾರ ಬಳಿ ಇತ್ತೆಂಬುದು. 2017-18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ನಗರ ಪ್ರದೇಶದ ಕುಟುಂಬಗಳಲ್ಲಿ ಶೇಕಡಾ 42ರಷ್ಟಕ್ಕೆ ಅಂತರಜಾಲದ ಸೌಲಭ್ಯವಿದ್ದರೆ, ಗ್ರಾಮೀಣ ಕುಟುಂಬಗಳಲ್ಲಿ ಶೇಕಡಾ 14.9ಕ್ಕೆ ಮಾತ್ರ ಇತ್ತು. ಗಣಕಯಂತ್ರವಂತೂ ಗ್ರಾಮೀಣ ಭಾಗದಲ್ಲಿ ನೂರರಲ್ಲಿ ನಾಲ್ಕು ಐದು ಮನೆಗಳಲ್ಲಿ ಮಾತ್ರ. ಎರಡು ಮೂರು ವರ್ಷಗಳಲ್ಲಿ ಮೊಬೈಲುಗಳ ಸಂಖ್ಯೆ ಹೆಚ್ಚಿದ್ದುದು ನಿಜ. ಆದರೆ ಮನೆಯಲ್ಲಿ ಮೊಬೈಲ್ ಇರುವುದು ಬೇರೆ, ಬೆಳಿಗ್ಗೆ ಹತ್ತು ಗಂಟೆಗೆ ಅದು ಮಗುವಿನ ಕೈಯಲ್ಲಿರುವುದು ಬೇರೆ. ತಂದೆಯು ಕೆಲಸಕ್ಕೆ ಹೊರಟರೆ ಶಾಲೆಯೂ ಅವನ ಜೇಬಿನಲ್ಲಿ ಹೊರಟುಹೋಗುತ್ತಿತ್ತು.

ನೋಡುವುದು ಬೇರೆ, ಕಲಿಯುವುದು ಬೇರೆ

ಈ ವಿಷಯದಲ್ಲಿ ನಾನು ಭಾಗ್ಯಶಾಲಿಯಾಗಿದ್ದೆ. ನಮ್ಮ ಮನೆಯಲ್ಲಿ ಒಂದು ಮೊಬೈಲನ್ನು ನನ್ನ ಅಭ್ಯಾಸಕ್ಕೆಂದೇ ಬಿಟ್ಟುಕೊಟ್ಟಿದ್ದರು. ಮಾಳಿಗೆಯ ಮೂಲೆಯೊಂದರಲ್ಲಿ ಸಂಕೇತ ಚೆನ್ನಾಗಿ ಸಿಗುತ್ತಿತ್ತು. ಅಲ್ಲಿ ಕುಳಿತು ಎಲ್ಲ ಪಾಠಗಳನ್ನೂ ತಪ್ಪದೆ ನೋಡಿದೆ. ನೋಡುವಾಗ ಎಲ್ಲವೂ ಅರ್ಥವಾದಂತೆ ತೋರುತ್ತಿತ್ತು. ತ್ರಿಕೋನಮಿತಿಯ ಲೆಕ್ಕವನ್ನು ಗುರುಗಳು ಬಿಡಿಸಿ ತೋರಿಸಿದಾಗ, ಇಷ್ಟೇ ತಾನೆ ಎಂದು ತಲೆದೂಗಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಅದೇ ಲೆಕ್ಕವನ್ನು ಖಾಲಿ ಹಾಳೆಯ ಮೇಲೆ ನಾನೇ ಬಿಡಿಸಿ ನೋಡಿದ ದಿನಗಳು ತೀರ ಕಡಿಮೆ.

ಈ ಭ್ರಮೆಯ ಕಾರಣವನ್ನು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಒಮ್ಮೆ ಓದಿ, ಬಳಿಕ ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಆದರೆ ಒಂದು ವಾರ ಕಳೆದ ಮೇಲೆ ನೆನಪಿನಿಂದ ಬರೆದವರು ಅವರನ್ನು ಬಹುದೂರ ಹಿಂದಿಕ್ಕಿದ್ದರು. ಪಾಠವನ್ನು ಮತ್ತೆ ಮತ್ತೆ ಕಂಡಾಗ ಅದರ ಪರಿಚಯವು ಬೆಳೆಯುತ್ತದೆ. ಆ ಪರಿಚಯವನ್ನೇ ನಾವು ತಿಳಿವಳಿಕೆಯೆಂದು ಭಾವಿಸುತ್ತೇವೆ. ತಿಳಿವಳಿಕೆಯಾದರೋ ನೆನಪಿನಿಂದ ಹೊರತೆಗೆಯುವ ಶ್ರಮದಿಂದ ಮಾತ್ರ ನೆಲೆಗೊಳ್ಳುತ್ತದೆ.

ತರಗತಿಯ ಕೊಠಡಿಯಲ್ಲಿ ಈ ಶ್ರಮವು ನಮಗೆ ಅರಿವಿಲ್ಲದೆಯೇ ನಡೆದುಹೋಗುತ್ತಿತ್ತು. ಗುರುಗಳು ಥಟ್ಟನೆ ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳುವುದು, ಕರಿಹಲಗೆಯ ಬಳಿಗೆ ಕರೆದು ಲೆಕ್ಕ ಬಿಡಿಸಹೇಳುವುದು, ಉಕ್ತಲೇಖನ, ಬಾಯಿಪಾಠ ಇವೆಲ್ಲವೂ ನೆನಪಿನಿಂದ ಹೊರತೆಗೆಯುವ ಅಭ್ಯಾಸಗಳೇ. ಅಂದು ನಮಗೆ ಶಿಕ್ಷೆಯಂತೆ ತೋರುತ್ತಿದ್ದ ಅವು ಶಿಕ್ಷಣದ ತಿರುಳಾಗಿದ್ದುವೆಂಬುದು ಅವಿಲ್ಲದಾಗ ಗೊತ್ತಾಯಿತು. ಪರದೆಯ ಮೇಲಿನ ತರಗತಿಯಲ್ಲಿ ನನ್ನ ಮುಖವನ್ನು ಮರೆಮಾಡಲು ಒಂದು ಗುಂಡಿ ಸಾಕಾಗಿತ್ತು.

ಕಿರಿಯ ಮಕ್ಕಳ ನಷ್ಟವು ಇದಕ್ಕಿಂತ ಹೆಚ್ಚಿನದು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳಲ್ಲಿ, ಎರಡರಿಂದ ಆರನೆಯ ತರಗತಿಯವರೆಗಿನ 16,067 ಮಕ್ಕಳನ್ನು ಕುರಿತು ಅಧ್ಯಯನ ನಡೆಸಿತು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಶೇಕಡಾ 92ರಷ್ಟು ಮಕ್ಕಳು, ಗಣಿತದ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಶೇಕಡಾ 82ರಷ್ಟು ಮಕ್ಕಳು ಮರೆತಿದ್ದರೆಂದು ಅದರಿಂದ ತಿಳಿದುಬಂದಿತು. ಹೊಸದನ್ನು ಕಲಿಯದಿದ್ದುದಷ್ಟೇ ಅಲ್ಲ, ಕಲಿತುದೂ ಕೈಬಿಟ್ಟುಹೋಗಿತ್ತು.

ಪರೀಕ್ಷೆ ಮತ್ತು ಫಲಿತಾಂಶ

2021ರ ಜುಲೈ 19 ಮತ್ತು 22ರಂದು ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆಯಿತು. ಆರು ವಿಷಯಗಳಿಗೆ ಎರಡೇ ದಿನ; ಮೊದಲ ದಿನ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ; ಎರಡನೆಯ ದಿನ ಮೂರು ಭಾಷೆಗಳು. ಪ್ರತಿಯೊಂದು ಪ್ರಶ್ನೆಗೂ ನಾಲ್ಕು ಉತ್ತರಗಳನ್ನು ಕೊಟ್ಟು, ಸರಿಯಾದುದರ ಎದುರಿನ ವೃತ್ತವನ್ನು ತುಂಬಬೇಕೆಂದು ತಿಳಿಸಲಾಗಿತ್ತು. ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲವೆಂದು ಸರ್ಕಾರವು ಮೊದಲೇ ಪ್ರಕಟಿಸಿತ್ತು. ಆಗಸ್ಟ್ 9ರಂದು ಫಲಿತಾಂಶ ಬಂದಾಗ ಪರೀಕ್ಷೆಗೆ ಕುಳಿತ ಎಂಟು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಬಹುತೇಕ ಎಲ್ಲರೂ ತೇರ್ಗಡೆಯಾಗಿದ್ದರು. ಆ ಸಂಕಟದ ಕಾಲದಲ್ಲಿ ಅದು ಮಾನವೀಯವಾದ ನಿರ್ಧಾರವೇ ಆಗಿತ್ತೆಂದು ನಾನು ಈಗಲೂ ನಂಬಿದ್ದೇನೆ. ಮನೆಯಲ್ಲಿ ಸಾವು ಕಂಡ ಮಕ್ಕಳನ್ನು ಅಂಕಗಳಿಂದ ತೂಗುವುದು ನ್ಯಾಯವಾಗುತ್ತಿರಲಿಲ್ಲ.

ಆದರೆ ಅದರ ಮತ್ತೊಂದು ಮುಖವನ್ನು ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ನನಗೆ ಒಳ್ಳೆಯ ಅಂಕಗಳು ಬಂದುವು. ಬಂಧುಗಳು ಪೇಢೆ ಹಂಚಿದರು. ಪದವಿಪೂರ್ವ ತರಗತಿಯ ಮೊದಲನೆಯ ಭೌತಶಾಸ್ತ್ರದ ಕಿರುಪರೀಕ್ಷೆಯಲ್ಲಿ ಒಂದು ಸೂತ್ರವನ್ನು ಹಂತಹಂತವಾಗಿ ಸಾಧಿಸಿ ಬರೆಯಬೇಕಾಗಿ ಬಂದಾಗ, ಎರಡು ಸಾಲುಗಳಾಚೆಗೆ ನನ್ನ ಲೇಖನಿ ಮುಂದುವರಿಯಲಿಲ್ಲ. ಕನ್ನಡದ ಪ್ರಬಂಧವೂ ಅರ್ಧ ಪುಟಕ್ಕೇ ನಿಂತಿತು. ಒಂದೂವರೆ ವರ್ಷ ಕಾಲ ಕೈಯಿಂದ ಬರೆಯದೆ ಇದ್ದವನಿಗೆ ಬರೆಯುತ್ತ ಬರೆಯುತ್ತ ಆಲೋಚಿಸುವ ಶಕ್ತಿಯೇ ಕುಗ್ಗಿಹೋಗಿತ್ತು. ಆಗ ಉಪನ್ಯಾಸಕರೊಬ್ಬರು ಗದರಿಸದೆ, ಒಂಬತ್ತನೆಯ ತರಗತಿಯ ಗಣಿತ ಪುಸ್ತಕವನ್ನು ಕೈಗಿತ್ತು, ದಿನಕ್ಕೆ ಐದು ಲೆಕ್ಕಗಳನ್ನು ಪುಸ್ತಕ ಮುಚ್ಚಿ ಬಿಡಿಸಿ ತರುವಂತೆ ಹೇಳಿದರು. ನಾಚಿಕೆಯೆನಿಸಿದರೂ ಹಾಗೆಯೇ ಮಾಡಿದೆ. ನಾಲ್ಕು ತಿಂಗಳು ಹಿಡಿಯಿತು. ನನ್ನ ನಿಜವಾದ ಹತ್ತನೆಯ ತರಗತಿಯು ಆ ನಾಲ್ಕು ತಿಂಗಳುಗಳಲ್ಲಿ ಮುಗಿಯಿತೆಂದು ಹೇಳಬಹುದು.

ಸಹಪಾಠಿಯೊಬ್ಬನ ವಿಷಯ

ಇಲ್ಲಿ ನನ್ನದೇ ಒಂದು ಲೋಪವನ್ನು ನಿವೇದಿಸಿಕೊಳ್ಳಬೇಕಾಗಿದೆ. ನಮ್ಮ ಓಣಿಯಲ್ಲಿಯೇ ನನ್ನ ಸಹಪಾಠಿಯೊಬ್ಬನಿದ್ದನು. ಗಣಿತದಲ್ಲಿ ಅವನು ನನಗಿಂತ ಜಾಣ. ಅವನ ಮನೆಯಲ್ಲಿ ಇದ್ದುದು ಗುಂಡಿಯೊತ್ತುವ ಸಾಧಾರಣ ಮೊಬೈಲ್ ಒಂದೇ. ಮೊಬೈಲ್ ಇರುವವರು ಇಲ್ಲದವರನ್ನು ಜೊತೆಗೆ ಕೂರಿಸಿಕೊಳ್ಳಬೇಕೆಂದು ಗುರುಗಳು ನಮಗೆಲ್ಲ ಹೇಳಿದ್ದರು. ಎರಡು ವಾರಗಳ ಕಾಲ ಅವನು ನಮ್ಮ ಮಾಳಿಗೆಗೆ ಬಂದನು. ಅವನು ನಡುನಡುವೆ ಪಾಠವನ್ನು ನಿಲ್ಲಿಸಹೇಳಿ, ಲೆಕ್ಕವನ್ನು ತಾನೇ ಬಿಡಿಸಿ ನೋಡುತ್ತಿದ್ದನು. ನನಗೆ ಬೇಗನೆ ಮುಗಿಸುವ ಆತುರ. ಒಂದು ದಿನ ಬೇಸರವನ್ನು ಮುಖದಲ್ಲಿ ತೋರಿಸಿಬಿಟ್ಟೆ. ಮರುದಿನದಿಂದ ಅವನು ಬರಲಿಲ್ಲ. ನಾನೂ ಹೋಗಿ ಕರೆಯಲಿಲ್ಲ. ಕೆಲವು ತಿಂಗಳ ಬಳಿಕ ಅವನು ತಂದೆಯೊಡನೆ ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಹೋದನು. ಶಾಲೆ ಮತ್ತೆ ತೆರೆದಾಗ ಅವನ ಸ್ಥಾನ ಖಾಲಿಯಾಗಿಯೇ ಉಳಿಯಿತು.

ಅವನು ಹೋಗಲು ಬಡತನವೇ ಕಾರಣ, ನಿನ್ನ ಮುಖಭಾವವಲ್ಲ ಎಂದು ಮನೆಯವರು ಸಮಾಧಾನ ಹೇಳಿದ್ದಾರೆ. ಇರಬಹುದು. ಆದರೆ ಪಾಠವನ್ನು ನಿಲ್ಲಿಸಿ ತಾನೇ ಬಿಡಿಸಿ ನೋಡುವ ಅವನ ವಿಧಾನವೇ ಸರಿಯಾದುದೆಂದು, ಮುಂದೆ ಉಪನ್ಯಾಸಕರು ನನ್ನಿಂದ ಅದನ್ನೇ ಮಾಡಿಸಿದಾಗ ಗೊತ್ತಾಯಿತು. ಅವನಿಗೆ ಬೇಕಾಗಿದ್ದುದು ನನ್ನ ಮೊಬೈಲು. ನನಗೆ ಬೇಕಾಗಿದ್ದುದು ಅವನ ಅಭ್ಯಾಸ. ಎರಡು ವಾರ ಒಂದೇ ಮಾಳಿಗೆಯಲ್ಲಿ ಕುಳಿತೂ ನಾನು ಅದನ್ನು ತಿಳಿಯದೆ ಹೋದೆ.

ಪದವಿ ತರಗತಿಯ ಅನುಭವ

ಹಾಗೆಂದು ಆನ್‌ಲೈನ್ ಶಿಕ್ಷಣವನ್ನು ಪೂರ್ಣವಾಗಿ ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಕೇಂದ್ರ ಸರ್ಕಾರವು 2017ರ ಜುಲೈ 9ರಂದು ಆರಂಭಿಸಿದ ಸ್ವಯಂ ಎಂಬ ವ್ಯವಸ್ಥೆಯಲ್ಲಿ ದೇಶದ ಹೆಸರಾಂತ ಸಂಸ್ಥೆಗಳ ಪ್ರಾಧ್ಯಾಪಕರ ಪಾಠಗಳು ಉಚಿತವಾಗಿ ದೊರೆಯುತ್ತವೆ. ಅದರ ಪ್ರತಿಯೊಂದು ಪಾಠಕ್ರಮಕ್ಕೂ ದೃಶ್ಯ ಉಪನ್ಯಾಸ, ಓದುವ ಸಾಮಗ್ರಿ, ಸ್ವಯಂ ಪರೀಕ್ಷೆ, ಚರ್ಚಾ ವೇದಿಕೆ ಎಂಬ ನಾಲ್ಕು ಅಂಗಗಳಿವೆ. ಪದವಿ ತರಗತಿಯಲ್ಲಿ ನಾನು ಸಂಖ್ಯಾಶಾಸ್ತ್ರದ ಒಂದು ಪಾಠಕ್ರಮವನ್ನು ಇದರ ಮೂಲಕ ಅಭ್ಯಸಿಸಿದೆ. ನಮ್ಮ ಕಾಲೇಜಿನಲ್ಲಿ ಆ ವಿಷಯಕ್ಕೆ ಅಧ್ಯಾಪಕರಿರಲಿಲ್ಲ. ಈ ಬಾರಿ ಹತ್ತು ನಿಮಿಷಕ್ಕೊಮ್ಮೆ ಪಾಠವನ್ನು ನಿಲ್ಲಿಸಿದೆ. ಹಾಳೆಯ ಮೇಲೆ ನೆನಪಿನಿಂದ ಬರೆದೆ. ತಪ್ಪಿದಲ್ಲಿ ಹಿಂದಿರುಗಿ ನೋಡಿದೆ. ಇಬ್ಬರು ಗೆಳೆಯರಿಗೆ ಅದೇ ಪಾಠವನ್ನು ವಿವರಿಸಿ ಹೇಳಿದೆ. ಹದಿನೈದರ ವಯಸ್ಸಿನಲ್ಲಿ ನನಗೆ ಒಗ್ಗದಿದ್ದ ಸಾಧನವು ಇಪ್ಪತ್ತರಲ್ಲಿ ಬಹಳವಾಗಿ ಉಪಕರಿಸಿತು.

ಸಾಧನವು ಬದಲಾಗಿರಲಿಲ್ಲ. ಕಲಿಯುವ ಕ್ರಮವನ್ನು ನಾನು ಕಲಿತಿದ್ದೆ, ಅಷ್ಟೆ. ಮತ್ತು ಆ ಕ್ರಮವನ್ನು ನನಗೆ ಕಲಿಸಿದುದು ಪರದೆಯಲ್ಲ; ಒಬ್ಬ ಉಪನ್ಯಾಸಕರು, ಒಂದು ಹಳೆಯ ಪುಸ್ತಕ, ಮತ್ತು ನಾನು ಕಳೆದುಕೊಂಡ ಒಬ್ಬ ಗೆಳೆಯ. ಸ್ವಾವಲಂಬನೆಯೆಂಬುದು ಒಂಟಿಯಾಗಿ ಬಿಟ್ಟಾಗ ತಾನಾಗಿಯೇ ಬರುವ ಗುಣವಲ್ಲ. ಯಾರಾದರೂ ಕೈಹಿಡಿದು ನಡೆಸಿದವನಿಗೆ ಮಾತ್ರ ಮುಂದೆ ಒಂಟಿಯಾಗಿ ನಡೆಯುವ ಶಕ್ತಿ ಬರುತ್ತದೆ. ಈ ಅವಧಿಯಿಂದ ನಾನು ಪಡೆದ ಮುಖ್ಯವಾದ ಅರಿವು ಇದೇ ಆಗಿದೆ.

ನಮ್ಮ ಮುಂದಿರುವ ಕರ್ತವ್ಯ

ದಾನಿಗಳು ಇಂದು ಶಾಲೆಗಳಿಗೆ ಟ್ಯಾಬ್ಲೆಟ್ ಮತ್ತು ಗಣಕಯಂತ್ರಗಳನ್ನು ಉದಾರವಾಗಿ ಕೊಡುತ್ತಿರುವುದು ಸ್ತುತ್ಯವಾದ ಸಂಗತಿ. ಆದರೆ ಅವುಗಳೊಡನೆ ಸಂಜೆಯ ಹೊತ್ತು ದೀಪವಿರುವ ಒಂದು ಅಭ್ಯಾಸದ ಕೊಠಡಿಯೂ, ಅಲ್ಲಿ ಕುಳಿತು ಪ್ರಶ್ನೆ ಕೇಳುವ ಒಬ್ಬ ಹಿರಿಯರೂ ಇರುವಂತೆ ನೋಡಿಕೊಂಡರೆ ಆ ದಾನವು ಸಾರ್ಥಕವಾಗುತ್ತದೆ. ಸೈಟ್ ಪ್ರಯೋಗದಲ್ಲಿ ಪೆಟ್ಟಿಗೆಯು ಊರಿನದಾಗಿದ್ದಂತೆ, ಸಾಧನವು ಒಬ್ಬನ ಕೈಯಲ್ಲಿರುವುದಕ್ಕಿಂತ ಹತ್ತು ಮಂದಿಯ ನಡುವೆ ಇರುವುದು ಮೇಲು.

ಹಿರಿಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ವಿನಂತಿ. ಆಫ್ರಿಕಾದ ಬೋಟ್ಸ್ವಾನಾ ದೇಶದಲ್ಲಿ 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಸುಮಾರು 4,500 ಕುಟುಂಬಗಳ ನಡುವೆ ಒಂದು ಪ್ರಯೋಗ ನಡೆಯಿತು. ಕೆಲವು ಕುಟುಂಬಗಳಿಗೆ ವಾರಕ್ಕೊಂದು ಲೆಕ್ಕವನ್ನು ಕಿರುಸಂದೇಶದಲ್ಲಿ ಕಳುಹಿಸಿದರು. ಇನ್ನು ಕೆಲವಕ್ಕೆ ಸಂದೇಶದ ಜೊತೆಗೆ ವಾರಕ್ಕೊಮ್ಮೆ 15-20 ನಿಮಿಷ ದೂರವಾಣಿ ಕರೆ ಮಾಡಿ, ಪೋಷಕರ ಸಮ್ಮುಖದಲ್ಲಿ ಮಗುವಿನಿಂದ ಲೆಕ್ಕ ಮಾಡಿಸಿದರು. 2022ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಕರೆ ಬಂದ ಮನೆಗಳ ಮಕ್ಕಳ ಗಣಿತವು ಸ್ಪಷ್ಟವಾಗಿ ಸುಧಾರಿಸಿತ್ತು. ಬರಿಯ ಸಂದೇಶದಿಂದ ಗಮನಾರ್ಹವಾದ ಪ್ರಯೋಜನ ಕಂಡುಬರಲಿಲ್ಲ. ಅದಕ್ಕೆ ಅಂತರಜಾಲ ಬೇಕಾಗಿರಲಿಲ್ಲ. ಗುಂಡಿಯೊತ್ತುವ ಸಾಧಾರಣ ಮೊಬೈಲೇ ಸಾಕಾಗಿತ್ತು. ಅಂತಹ ಮೊಬೈಲು ನನ್ನ ಸಹಪಾಠಿಯ ಮನೆಯಲ್ಲಿಯೂ ಇತ್ತೆಂಬುದು ಇದನ್ನು ಓದಿದಾಗ ನೆನಪಾಗಿ ಮನಸ್ಸು ಭಾರವಾಯಿತು.

ನಮ್ಮ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳು ಇಂದು ಅನೇಕ ಊರುಗಳಲ್ಲಿ, ಹೊರದೇಶಗಳಲ್ಲಿಯೂ ನೆಲೆಸಿದ್ದಾರೆ. ಒಬ್ಬೊಬ್ಬರು ಇಬ್ಬರು ಮಕ್ಕಳನ್ನು ವಹಿಸಿಕೊಂಡು, ಶಾಲೆಯ ಅನುಮತಿಯಿಂದ ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಮಾತನಾಡಿ, ಒಂದು ಲೆಕ್ಕವನ್ನೋ ಒಂದು ಪದ್ಯದ ಭಾವಾರ್ಥವನ್ನೋ ಕೇಳಿದರೆ ಎಷ್ಟೋ ಮಕ್ಕಳು ಶಾಲೆಯನ್ನು ಬಿಡದೆ ಉಳಿದಾರು. ಈ ಕೆಲಸಕ್ಕೆ ನನ್ನ ಹೆಸರನ್ನು ಮೊದಲಿಗೆ ಬರೆದುಕೊಳ್ಳಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡಿದ್ದೇನೆ. ಬೆಂಗಳೂರಿನಲ್ಲಿರುವ ನನ್ನ ಸಹಪಾಠಿಯ ದೂರವಾಣಿ ಸಂಖ್ಯೆಯೂ ಇತ್ತೀಚೆಗೆ ದೊರೆತಿದೆ. ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುಕೊಳ್ಳಲು ಅವನಿಗೆ ಇನ್ನೂ ಅವಕಾಶವಿದೆ. ಎರಡು ಭಾನುವಾರ ಮಾತನಾಡಿದ್ದೇವೆ. ಓದುವ ವಿಷಯವನ್ನು ಅವನು ಇನ್ನೂ ಒಪ್ಪಿಕೊಂಡಿಲ್ಲ. ಆದರೆ ನಾನು ಹೇಳಿದ ಲೆಕ್ಕವನ್ನು ಬಿಡಿಸಿದ್ದಾನೆ.